ಎಫೆಕ್ಟಿವ್_ಐಓ_ಕಾನ್‌ಕರೆನ್ಸಿ 200 ಇಟ್ಟಿದ್ದೇವೆ: ರಿಪೋರ್ಟ್ ಬೇಗ ಬರುತ್ತೆ, ತೂಕದ ಎಂಟ್ರಿ ನಿಂತುಹೋಗುತ್ತೆ

ಕಬ್ಬಿನಲೆಕ್ಕ, ಮಂಡ್ಯ

ಎಲ್ಲರಿಗೂ ನಮಸ್ಕಾರ. ಮಂಡ್ಯದ ಹತ್ತಿರ ಒಂದು ಸಕ್ಕರೆ ಕಾರ್ಖಾನೆಯ ಸಾಫ್ಟ್‌ವೇರ್ ನೋಡಿಕೊಳ್ಳುವ ಸಣ್ಣ ತಂಡ ನಮ್ಮದು. ರೈತರು ತಂದ ಕಬ್ಬಿನ ತೂಕ, ಕಟಾವು ಪರ್ಮಿಟ್, ಬಿಲ್ಲು, ಮುಂಗಡ ಎಲ್ಲವೂ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿದೆ. ಮೊದಲು ಆಫೀಸಿನಲ್ಲೇ ಸರ್ವರ್ ಇತ್ತು. ನಾಲ್ಕು ಹಾರ್ಡ್ ಡಿಸ್ಕ್, ರೇಡ್ 10, ಪೋಸ್ಟ್‌ಗ್ರೆಸ್ 12. ಎರಡು ತಿಂಗಳ ಹಿಂದೆ ಕ್ಲೌಡ್‌ಗೆ ಹೋದೆವು. ಈಗ ಪೋಸ್ಟ್‌ಗ್ರೆಸ್ 16. ಡಿಸ್ಕ್ ಎಸ್‌ಎಸ್‌ಡಿ, ಸೆಕೆಂಡಿಗೆ 3,000 ಓದು-ಬರಹದ ಮಿತಿ ಇರುವ ಪ್ಲಾನ್.

ಬದಲಾಯಿಸುವಾಗ ಎಫೆಕ್ಟಿವ್_ಐಓ_ಕಾನ್‌ಕರೆನ್ಸಿ (ಡಿಸ್ಕ್‌ಗೆ ಎಷ್ಟು ಓದಿನ ಬೇಡಿಕೆ ಒಟ್ಟಿಗೆ ಕಳಿಸಬೇಕು ಅನ್ನುವ ಪೋಸ್ಟ್‌ಗ್ರೆಸ್ ಸೆಟ್ಟಿಂಗ್) 200 ಅಂತ ಇಟ್ಟೆವು. ಎಸ್‌ಎಸ್‌ಡಿಗೆ ಅದೇ ಸರಿ ಅಂತ ಎಲ್ಲ ಕಡೆ ಬರೆದಿತ್ತು. ಒಂದು ವಿಭಾಗದ ರೈತರ ಇಡೀ ಸೀಸನ್ನಿನ ರಿಪೋರ್ಟ್ ಹಳೇ ಸರ್ವರ್‌ನಲ್ಲಿ ಎರಡೂವರೆ ನಿಮಿಷ ತಗೊಳ್ಳುತ್ತಿತ್ತು. ಈಗ 20 ಸೆಕೆಂಡಿಗೆ ಬರುತ್ತೆ. ಖುಷಿಯಾಗಿತ್ತು.

ಸಮಸ್ಯೆ ಏನಂದ್ರೆ, ಬೆಳಿಗ್ಗೆ ಒಂಬತ್ತಕ್ಕೆ ಮೂರು ವಿಭಾಗದವರು ಆ ರಿಪೋರ್ಟ್ ತೆಗೆಯುತ್ತಾರೆ. ಅದೇ ಹೊತ್ತಿಗೆ ವೇಬ್ರಿಡ್ಜ್‌ನಲ್ಲಿ ಟ್ರ್ಯಾಕ್ಟರ್‌ಗಳ ಸಾಲು ನಿಂತಿರುತ್ತೆ. ತೂಕದ ಎಂಟ್ರಿ ಒತ್ತಿದರೆ ಐದಾರು ಸೆಕೆಂಡ್ ಪರದೆ ಅಲ್ಲಾಡುವುದಿಲ್ಲ. ಹಳೇ ಸರ್ವರ್‌ನಲ್ಲಿ ರಿಪೋರ್ಟ್ ನಿಧಾನ ಇತ್ತು, ಆದರೆ ತೂಕದವರು ಯಾವತ್ತೂ ಇಷ್ಟು ಕಾಯ್ದಿರಲಿಲ್ಲ. ರಾತ್ರಿಯೆಲ್ಲ ಗಾಡಿ ಹೊಡೆದುಕೊಂಡು ಬಂದ ರೈತ ನಮ್ಮ ಸೆಟ್ಟಿಂಗ್‌ನಿಂದ ಕಾಯುವುದು ಬೇಡ. ಸಿಪಿಯು 15 ಪರ್ಸೆಂಟ್ ಮೇಲೆ ಹೋಗಿಲ್ಲ. ಲಾಕ್ ಏನೂ ಕಾಣುತ್ತಿಲ್ಲ. ಯಾರಾದರೂ ದಾರಿ ತೋರಿಸಿ.

ಸರಸ್ವತೀಪುರಂ

ರಿಪೋರ್ಟ್‌ನ ಪ್ಲಾನ್ (ಆ ಕ್ವೆರಿಯನ್ನು ಪೋಸ್ಟ್‌ಗ್ರೆಸ್ ಯಾವ ಹಂತಗಳಲ್ಲಿ ಓಡಿಸುತ್ತೆ ಅನ್ನುವ ವಿವರ) ಹಾಕಿ ಸರ್. ಎಕ್ಸ್‌ಪ್ಲೇನ್ ಕಮಾಂಡ್ ಜೊತೆ ಅನಲೈಸ್, ಬಫರ್ಸ್ ಎರಡೂ ಕೊಡಿ. ಟ್ರ್ಯಾಕ್_ಐಓ_ಟೈಮಿಂಗ್ (ಡಿಸ್ಕ್ ಓದಿಗೆ ಹೋದ ಸಮಯ ತೋರಿಸುವ ಸೆಟ್ಟಿಂಗ್) ಆನ್ ಮಾಡಿಕೊಳ್ಳಿ, ಅದು ತಾನಾಗಿ ಆನ್ ಇರುವುದಿಲ್ಲ. ಪ್ಲಾನ್ ನೋಡದೆ ಈ ಸೆಟ್ಟಿಂಗ್ ಬಗ್ಗೆ ಮಾತಾಡುವುದೇ ಕಷ್ಟ.

ಕಬ್ಬಿನಲೆಕ್ಕ, ಮಂಡ್ಯ

ಪೂರ್ತಿ ಪ್ಲಾನ್ ಉದ್ದ ಇದೆ ಮೇಡಂ. ಸಮಯವೆಲ್ಲ ಹೋಗುತ್ತಿರುವುದು ಬಿಟ್‌ಮ್ಯಾಪ್ ಹೀಪ್ ಸ್ಕ್ಯಾನ್‌ನಲ್ಲಿ. ಹೀಪ್ ಬ್ಲಾಕ್ಸ್ (ಓದಿದ ಟೇಬಲ್ ಪುಟಗಳು, ಒಂದೊಂದು 8 ಕೆಬಿ) ಸುಮಾರು 60,000. ಹೆಚ್ಚುಕಮ್ಮಿ ಎಲ್ಲವೂ ಡಿಸ್ಕ್‌ನಿಂದಲೇ ಬರುತ್ತಿವೆ.

ಹೂಟಗಳ್ಳಿ ಡಿಬಿಎ

ನಿಮ್ಮ ಅಂಕಿಗಳಲ್ಲೇ ಉತ್ತರ ಇದೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಮೊದಲು ಆ ಸೆಟ್ಟಿಂಗ್ ಏನು ಮಾಡುತ್ತೆ ಅಂತ ನೋಡೋಣ. ಬಿಟ್‌ಮ್ಯಾಪ್ ಸ್ಕ್ಯಾನ್‌ನಲ್ಲಿ ಪೋಸ್ಟ್‌ಗ್ರೆಸ್ ಮೊದಲು ಇಂಡೆಕ್ಸ್ ಓದಿ, ಟೇಬಲ್‌ನ ಯಾವ ಯಾವ ಪುಟ ಬೇಕು ಅಂತ ಪಟ್ಟಿ ಮಾಡಿಕೊಳ್ಳುತ್ತೆ. ಮುಂದೆ ಯಾವ ಪುಟ ಬೇಕು ಅಂತ ಮೊದಲೇ ಗೊತ್ತಿರುತ್ತೆ ಅಲ್ವಾ? ಹಾಗಾಗಿ ಈಗಿನ ಪುಟ ಓದುತ್ತಿರುವಾಗಲೇ ಮುಂದಿನ ಪುಟಗಳ ಬಗ್ಗೆ ಸರ್ವರ್‌ನ ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್‌ಗೆ ಹೇಳುತ್ತೆ: ಇವು ಬೇಕಾಗುತ್ತವೆ, ತಂದಿಟ್ಟಿರು. ಪೋಸಿಕ್ಸ್_ಎಫ್‌ಅಡ್ವೈಸ್ ಅನ್ನುವ ಕರೆ ಅದು. ಒಂದು ಸಲಕ್ಕೆ ಎಷ್ಟು ಪುಟ ಮುಂಚೆ ಹೇಳಬೇಕು ಅನ್ನುವುದೇ ಎಫೆಕ್ಟಿವ್_ಐಓ_ಕಾನ್‌ಕರೆನ್ಸಿ. ನಿಮ್ಮದು 200. ಅಂದರೆ ಒಂದು ರಿಪೋರ್ಟ್ ಯಾವಾಗಲೂ 200 ಪುಟಗಳ ಬೇಡಿಕೆಯನ್ನು ಡಿಸ್ಕ್ ಮುಂದೆ ಇಟ್ಟಿರುತ್ತೆ. ಮೂರು ರಿಪೋರ್ಟ್‌ಗೆ 600. ಈ ಅಂಕಿ ಇಡೀ ಸರ್ವರ್‌ಗೆ ಸೇರಿ ಅಲ್ಲ, ಒಂದೊಂದು ಸ್ಕ್ಯಾನ್‌ಗೆ. ಇದನ್ನು ಬಹಳ ಜನ ಗಮನಿಸುವುದಿಲ್ಲ.

ಈಗ ಲೆಕ್ಕ. ನಿಮ್ಮ ಡಿಸ್ಕ್ ಸೆಕೆಂಡಿಗೆ 3,000 ಓದು ಕೊಡುತ್ತೆ. 60,000 ಪುಟಕ್ಕೆ 20 ಸೆಕೆಂಡ್. ನಿಮ್ಮ ರಿಪೋರ್ಟ್ ಸರಿಯಾಗಿ 20 ಸೆಕೆಂಡಿಗೆ ಬರುತ್ತಿದೆ. ಅಂದರೆ ನೀವು ಮಿತಿಯನ್ನು ಮುಟ್ಟಿಬಿಟ್ಟಿದ್ದೀರಿ. ಇನ್ನು ಆ ಅಂಕಿಯನ್ನು 1000ಕ್ಕೆ ಏರಿಸಿದರೂ ಒಂದು ಸೆಕೆಂಡ್ ಕಡಿಮೆ ಆಗುವುದಿಲ್ಲ.

ಆ ಮಿತಿ ಮುಟ್ಟಲು 200 ಬೇಕಿತ್ತಾ? ಖಾಲಿ ಇರುವಾಗ ನಿಮ್ಮ ಡಿಸ್ಕ್ ಒಂದು ಓದಿಗೆ ಸುಮಾರು 1 ಮಿಲಿಸೆಕೆಂಡ್ ತಗೊಳ್ಳುತ್ತೆ ಅಂದುಕೊಳ್ಳೋಣ. ಒಂದೇ ಬೇಡಿಕೆ ಇದ್ದರೆ ಸೆಕೆಂಡಿಗೆ 1,000 ಓದು. ಮೂರು ಬೇಡಿಕೆ ಒಟ್ಟಿಗೆ ಇದ್ದರೆ 3,000. ಅಲ್ಲಿಗೆ ಮುಗಿಯಿತು. ಸೆಕೆಂಡಿಗೆ ಎಷ್ಟು ಓದು ಅನ್ನುವುದನ್ನು ಒಂದು ಓದಿನ ಸಮಯದಿಂದ ಗುಣಿಸಿದರೆ, ಎಷ್ಟು ಬೇಡಿಕೆ ಒಟ್ಟಿಗೆ ಇರಬೇಕು ಅಂತ ಸಿಗುತ್ತೆ. ಲಿಟಲ್ಸ್ ಲಾ ಅಂತಾರೆ. ನಿಮಗೆ ಬೇಕಿದ್ದದ್ದು ಮೂರು ನಾಲ್ಕು. ಉಳಿದ 196 ಬೇಡಿಕೆ ಸುಮ್ನೆ ಸಾಲಿನಲ್ಲಿ ನಿಂತಿವೆ.

ಆ ಸಾಲಿನ ಹಿಂದೆ ಬಂದು ನಿಲ್ಲುವುದೇ ನಿಮ್ಮ ತೂಕದ ಎಂಟ್ರಿ. ಮುಂದೆ 600 ಬೇಡಿಕೆ ಇದ್ದರೆ, ಸೆಕೆಂಡಿಗೆ 3,000ದ ಲೆಕ್ಕದಲ್ಲಿ ಒಂದು ಓದಿಗೆ 200 ಮಿಲಿಸೆಕೆಂಡ್ ಕಾಯಬೇಕು. ಒಂದು ಎಂಟ್ರಿಗೆ ರೈತನ ಖಾತೆ, ಪರ್ಮಿಟ್, ಗಾಡಿ ನಂಬರು, ಅವುಗಳ ಇಂಡೆಕ್ಸ್ ಅಂತ ಒಂದರ ಹಿಂದೆ ಒಂದು 30 ಪುಟ ಡಿಸ್ಕ್‌ನಿಂದ ಬರಬೇಕು ಅನ್ನಿ. 30 ಸಲ 200 ಮಿಲಿಸೆಕೆಂಡ್. ಆರು ಸೆಕೆಂಡ್. ನೀವು ಹೇಳಿದ್ದು ಐದಾರು ಸೆಕೆಂಡ್ ತಾನೆ?

ಕಬ್ಬಿನಲೆಕ್ಕ, ಮಂಡ್ಯ

ಸರ್, ಓದಿ ಒಂದು ಕ್ಷಣ ಸುಮ್ಮನೆ ಕೂತೆ. ಇದು ನಮ್ಮ ಕಟಾವು ಪರ್ಮಿಟ್ ಕಥೆಯೇ ಅಲ್ವಾ! ಮಿಲ್ಲು ದಿನಕ್ಕೆ ಎಷ್ಟು ಟನ್ ಅರೆಯುತ್ತೋ ಅದನ್ನು ನೋಡಿ ಪರ್ಮಿಟ್ ಕೊಡಬೇಕು. ಕಡಿಮೆ ಕೊಟ್ಟರೆ ಮಿಲ್ಲು ಖಾಲಿ ತಿರುಗುತ್ತೆ. ಜಾಸ್ತಿ ಕೊಟ್ಟರೆ ಯಾರ್ಡ್ ತುಂಬಿ, ಕಡಿದ ಕಬ್ಬು ಬಿಸಿಲಲ್ಲಿ ಒಣಗಿ ತೂಕ ಕಳೆದುಕೊಳ್ಳುತ್ತೆ. ಪರ್ಮಿಟ್ ಜಾಸ್ತಿ ಕೊಟ್ಟ ಮಾತ್ರಕ್ಕೆ ಮಿಲ್ಲಿನ ರೋಲರ್ ಬೇಗ ತಿರುಗುವುದಿಲ್ಲ.

ಹೂಟಗಳ್ಳಿ ಡಿಬಿಎ

ನನಗಿಂತ ಚೆನ್ನಾಗಿ ಹೇಳಿದಿರಿ. ಒಣಗುವ ಮಾತೂ ಇಲ್ಲಿ ನಿಜ. ಬಹಳ ಮುಂಚೆ ತಂದಿಟ್ಟ ಪುಟ, ಮೆಮೊರಿ ಕಡಿಮೆ ಇದ್ದರೆ, ಬಳಸುವ ಮೊದಲೇ ಲಿನಕ್ಸ್‌ನ ಕ್ಯಾಶ್‌ನಿಂದ (ಓದಿದ್ದನ್ನು ಇಟ್ಟುಕೊಳ್ಳುವ ಮೆಮೊರಿ) ಹೊರಗೆ ಹೋಗಬಹುದು. ಆಗ ಅದನ್ನೇ ಮತ್ತೆ ಓದಬೇಕು.

ಶ್ರೀರಂಗಪಟ್ಟಣ

ಒಂದು ಆಕ್ಷೇಪ ಇದೆ ಸರ್. ಎಸ್‌ಎಸ್‌ಡಿಗೆ ನೂರಾರು ಇಡಬಹುದು ಅಂತ ಪೋಸ್ಟ್‌ಗ್ರೆಸ್‌ನ ಕೈಪಿಡಿಯಲ್ಲೇ ಇತ್ತು. ಹಾಗಾದರೆ ಅದು ತಪ್ಪಾ? ಇನ್ನೊಂದು, ನಮ್ಮಲ್ಲಿ 1ರಿಂದ 300ಕ್ಕೆ ಏರಿಸಿದರೂ ಕೂದಲೆಳೆಯಷ್ಟೂ ವ್ಯತ್ಯಾಸ ಆಗಲಿಲ್ಲ. ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ.

ಹೂಟಗಳ್ಳಿ ಡಿಬಿಎ

ತಪ್ಪಲ್ಲ. ಯಾವ ಎಸ್‌ಎಸ್‌ಡಿ ಅನ್ನುವುದು ಮುಖ್ಯ. ಸರ್ವರ್ ಒಳಗೇ ಕೂತಿರುವ ಎನ್‌ವಿಎಂಇ ಡಿಸ್ಕ್ ಬೇರೆ ಜಾತಿ. ಹಳೆಯ ಸಾಟಾ ಡಿಸ್ಕ್‌ಗೆ ಒಂದೇ ಸಾಲು, ಅದರಲ್ಲಿ 32 ಬೇಡಿಕೆ. ಎನ್‌ವಿಎಂಇಯಲ್ಲಿ ಸಾವಿರಾರು ಸಾಲು ಇಡಲು ಅವಕಾಶ ಇದೆ, ಒಂದೊಂದರಲ್ಲೂ ಸಾವಿರಾರು ಬೇಡಿಕೆ. ಅಂಥ ಡಿಸ್ಕ್‌ಗೆ ಹತ್ತಾರು ನೂರಾರು ಬೇಡಿಕೆ ಒಟ್ಟಿಗೆ ಕೊಟ್ಟಾಗಲೇ ಅದರ ಪೂರ್ತಿ ಶಕ್ತಿ ಹೊರಗೆ ಬರುವುದು. ಬಾಡಿಗೆಗೆ ಸಿಗುವ ಕ್ಲೌಡ್ ಡಿಸ್ಕ್ ಹಾಗಲ್ಲ. ಒಳಗೆ ಎಸ್‌ಎಸ್‌ಡಿಯೇ ಇದ್ದರೂ ಅದು ನೆಟ್‌ವರ್ಕ್ ಆಚೆ ಇರುತ್ತೆ, ಮೇಲೆ ಸೆಕೆಂಡಿಗೆ ಇಷ್ಟೇ ಅನ್ನುವ ಬೀಗ ಇರುತ್ತೆ. ಕನ್ನಂಬಾಡಿಯಲ್ಲಿ 124 ಅಡಿ ನೀರಿದ್ದರೂ ನಿಮ್ಮ ಗದ್ದೆಗೆ ಬರುವುದು ತೂಬಿನಷ್ಟೇ.

ಎರಡನೇ ಪ್ರಶ್ನೆ. ನಿಮ್ಮ ಪ್ಲಾನ್‌ನಲ್ಲಿ ಬಿಟ್‌ಮ್ಯಾಪ್ ಹೀಪ್ ಸ್ಕ್ಯಾನ್ ಇದೆಯಾ ನೋಡಿ. ಬರೀ ಇಂಡೆಕ್ಸ್ ಸ್ಕ್ಯಾನ್ (ಪುಟಗಳ ಪಟ್ಟಿ ಮಾಡಿಕೊಳ್ಳದೆ ಒಂದೊಂದೇ ಸಾಲು ತರುವುದು) ಇದ್ದರೆ ಈ ಸೆಟ್ಟಿಂಗ್‌ಗೆ ಅಲ್ಲಿ ಕೆಲಸವೇ ಇಲ್ಲ. ಪೋಸ್ಟ್‌ಗ್ರೆಸ್ 17ರವರೆಗೆ ಕ್ವೆರಿಗಳಲ್ಲಿ ಇದರಿಂದ ನಿಜವಾದ ಲಾಭ ಸಿಗುವುದು ಬಿಟ್‌ಮ್ಯಾಪ್ ಹೀಪ್ ಸ್ಕ್ಯಾನ್‌ಗೆ ಮಾತ್ರ ಅಂತ ಇಟ್ಟುಕೊಳ್ಳಿ. ಮತ್ತೆ, ಪ್ಲಾನ್ ಆರಿಸುವ ಭಾಗವಾದ ಪ್ಲಾನರ್ ಈ ಅಂಕಿಯನ್ನು ನೋಡುವುದೂ ಇಲ್ಲ. 300 ಇಟ್ಟ ಮಾತ್ರಕ್ಕೆ ಬಿಟ್‌ಮ್ಯಾಪ್ ಪ್ಲಾನ್ ಆರಿಸಿಕೊಳ್ಳುವುದಿಲ್ಲ. ಅದು ನೋಡುವುದು ರ್‍ಯಾಂಡಮ್_ಪೇಜ್_ಕಾಸ್ಟ್‌ನಂಥ ಬೆಲೆಗಳನ್ನು.

ಶ್ರೀರಂಗಪಟ್ಟಣ

ನೋಡಿದೆ ಸರ್. ಹೌದು, ಇಂಡೆಕ್ಸ್ ಸ್ಕ್ಯಾನೇ. ಒಂದು ವಾರ ಕಾನ್ಫಿಗ್ ಫೈಲ್ ತಿದ್ದುತ್ತಾ ಕೂತಿದ್ದೆ. ತುಂಬಾ ಧನ್ಯವಾದ.

ಕುವೆಂಪುನಗರ

ಹಳೇ ಆವೃತ್ತಿಯಿಂದ ಬಂದವರಿಗೆ ಇನ್ನೊಂದು ಮಾತು. 12ರವರೆಗೆ ಈ ಅಂಕಿಯ ಅರ್ಥವೇ ಬೇರೆ. ಆಗ ಅದು ಎಷ್ಟು ಡಿಸ್ಕ್ ಇವೆ ಅನ್ನುವ ಲೆಕ್ಕ. ಎಷ್ಟು ಪುಟ ಮುಂಚೆ ಕೇಳಬೇಕು ಅಂತ ಅದರಿಂದ ಪೋಸ್ಟ್‌ಗ್ರೆಸ್ ತಾನೇ ಲೆಕ್ಕ ಹಾಕುತ್ತಿತ್ತು. ನಾಲ್ಕು ಡಿಸ್ಕ್ ಅಂದರೆ 4 ಗುಣಿಸು (1 + 1/2 + 1/3 + 1/4), ಸುಮಾರು 8 ಪುಟ. 10 ಅಂತ ಇಟ್ಟಿದ್ದರೆ ಸುಮಾರು 29. ಆವೃತ್ತಿ 13ರಿಂದ ಆ ಗುಣಾಕಾರ ತೆಗೆದರು. ಈಗ ಕೊಟ್ಟ ಅಂಕಿಯೇ ನೇರವಾಗಿ ಪುಟಗಳ ಸಂಖ್ಯೆ. ಹಳೇ ಫೈಲನ್ನು ಹಾಗೇ ನಕಲು ಮಾಡಿದರೆ ಅರ್ಥ ಬದಲಾಗಿರುತ್ತೆ. ಯಾವುದೋ ಹಳೇ ಬರಹದಲ್ಲಿ ಯಾರೋ ಹೇಳಿದ ಅಂಕಿಯನ್ನು ತೆಗೆದುಕೊಳ್ಳುವ ಮುಂಚೆ, ಅದು ಯಾವ ಆವೃತ್ತಿಗೆ ಬರೆದದ್ದು ಅಂತ ದಯವಿಟ್ಟು ನೋಡಿ.

13ರಲ್ಲೇ ಮೇಂಟೆನೆನ್ಸ್_ಐಓ_ಕಾನ್‌ಕರೆನ್ಸಿ ಅಂತ ಇನ್ನೊಂದು ಬಂತು. ಅನಲೈಸ್‌ನಂಥ (ಟೇಬಲ್‌ನ ಅಂಕಿಅಂಶ ಸಂಗ್ರಹಿಸುವ) ನಿರ್ವಹಣೆ ಕೆಲಸಕ್ಕೆ ಅದು. ಎರಡನ್ನೂ ಬೆರೆಸಬೇಡಿ.

ಮದ್ದೂರು ಹುಡುಗ

ಅಣ್ಣ, ನಾವು ಮೈಎಸ್‌ಕ್ಯೂಎಲ್ ಬಳಸ್ತೀವಿ. ಇನ್ನೋಡಿಬಿ_ರೀಡ್_ಐಓ_ಥ್ರೆಡ್ಸ್ 4 ಇತ್ತು, 64 ಮಾಡಿದೆ. ಏನೂ ಆಗಲಿಲ್ಲ. ಅದೂ ಇದೇ ಥರಾನಾ?

ಸರಸ್ವತೀಪುರಂ

ಹೆಸರು ಹತ್ತಿರ ಇದೆ, ಕೆಲಸ ಬೇರೆ. ಇನ್ನೋಡಿಬಿಯಲ್ಲಿ (ಮೈಎಸ್‌ಕ್ಯೂಎಲ್‌ನಲ್ಲಿ ಡೇಟಾ ಇಡುವ ಭಾಗ) ನಿಮ್ಮ ಕ್ವೆರಿಗೆ ಒಂದು ಪುಟ ಬೇಕಾದರೆ ಆ ಕ್ವೆರಿಯ ಥ್ರೆಡ್ಡೇ ಹೋಗಿ ಓದಿಕೊಂಡು ಬರುತ್ತೆ. ಆ ನಾಲ್ಕು ಥ್ರೆಡ್‌ಗಳು ಮುಖ್ಯವಾಗಿ ಮುಂಚಿತವಾಗಿ ಓದುವ ಕೆಲಸಕ್ಕೆ. ಅದು ಯಾವಾಗ ಶುರುವಾಗುತ್ತೆ? 64 ಪುಟದ ಒಂದು ಗುಂಪಿನಲ್ಲಿ 56 ಪುಟವನ್ನು ಸಾಲಾಗಿ ಓದಿದರೆ ಮುಂದಿನ ಗುಂಪನ್ನು ತರಿಸುತ್ತೆ. ನಿಮ್ಮ ಕ್ವೆರಿ ಚೆಲ್ಲಾಪಿಲ್ಲಿ ಪುಟ ಓದುವಂಥದ್ದಾದರೆ ಆ ಥ್ರೆಡ್‌ಗಳಿಗೆ ಕೆಲಸವೇ ಬರುವುದಿಲ್ಲ, 64 ಇದ್ದರೂ ಅಷ್ಟೇ. ಬಫರ್ ಪೂಲ್ (ಪುಟಗಳನ್ನು ಇಟ್ಟುಕೊಳ್ಳುವ ಮೆಮೊರಿ) ಎಷ್ಟು ಕೊಟ್ಟಿದ್ದೀರಿ ನೋಡಿ, ಮೊದಲು ಅದನ್ನು ಸರಿ ಮಾಡಿ. ಬೇರೆ ಚರ್ಚೆ ಶುರು ಮಾಡಿದರೆ ಅಲ್ಲಿ ಬರೆಯುತ್ತೇನೆ ತಮ್ಮಾ, ಇಲ್ಲಿ ಎಳೆ ತಪ್ಪುವುದು ಬೇಡ.

ಕಬ್ಬಿನಲೆಕ್ಕ, ಮಂಡ್ಯ

ನನ್ನ ಡಿಸ್ಕ್‌ಗೆ ಸರಿಯಾದ ಅಂಕಿ ಹುಡುಕುವುದು ಹೇಗೆ? ಒಂದು ಓದಿಗೆ 1 ಮಿಲಿಸೆಕೆಂಡ್ ಅಂತ ನೀವು ಅಂದುಕೊಂಡಿರಿ, ನನ್ನದು ಎಷ್ಟೋ ಏನೋ.

ಹೂಟಗಳ್ಳಿ ಡಿಬಿಎ

ಅಳೆಯಬೇಕು. ಅದಕ್ಕೆ ಬದಲಿ ದಾರಿ ಇಲ್ಲ.

ಈಗಿನ ಸರ್ವರ್ ಜೊತೆಗಿರುವಂಥದ್ದೇ ಇನ್ನೊಂದು ಡಿಸ್ಕ್ ಒಂದು ದಿನಕ್ಕೆ ತಗೊಳ್ಳಿ. ನಿಜವಾದ ಡೇಟಾ ಇರುವ ಡಿಸ್ಕ್ ಮೇಲೆ, ಅದರಲ್ಲೂ ಕೆಲಸದ ಹೊತ್ತಿನಲ್ಲಿ, ಇದನ್ನು ಮಾಡಬೇಡಿ. ಎಫ್‌ಐಓ ಅನ್ನುವ ಉಪಕರಣದಲ್ಲಿ 8 ಕೆಬಿ ರ್‍ಯಾಂಡಮ್ ಓದು, ಡೈರೆಕ್ಟ್ ಐಓ (ಕ್ಯಾಶ್ ಬಿಟ್ಟು ನೇರ ಡಿಸ್ಕ್‌ನಿಂದ). ಐಓಡೆಪ್ತ್ (ಒಟ್ಟಿಗೆ ಕಳಿಸುವ ಬೇಡಿಕೆಗಳ ಸಂಖ್ಯೆ) ಮೊದಲು 1, ಆಮೇಲೆ 2, 4, 8, 16 ಹೀಗೆ ಏರಿಸುತ್ತಾ ಹೋಗಿ. ಪ್ರತಿ ಸಲ ಎರಡು ಅಂಕಿ ಬರೆದುಕೊಳ್ಳಿ: ಸೆಕೆಂಡಿಗೆ ಎಷ್ಟು ಓದು, ಒಂದು ಓದಿಗೆ ಎಷ್ಟು ಸಮಯ. ಶುರುವಿನಲ್ಲಿ ಓದು ದುಪ್ಪಟ್ಟಾಗುತ್ತಾ ಹೋಗುತ್ತೆ, ಸಮಯ ಹಾಗೇ ಇರುತ್ತೆ. ಒಂದು ಕಡೆ ಓದು ನಿಂತುಬಿಡುತ್ತೆ, ಸಮಯ ದುಪ್ಪಟ್ಟಾಗಲು ಶುರುವಾಗುತ್ತೆ. ಆ ತಿರುವಿನ ಆಸುಪಾಸಿನಲ್ಲೇ ನಿಮಗೆ ಬೇಕಾದ ಅಂಕಿ ಇದೆ.

ಪ್ರತಿ ಅಳತೆಯನ್ನೂ ಒಂದೈದು ನಿಮಿಷ ಓಡಿಸಿ. ಕೆಲವು ಕ್ಲೌಡ್ ಡಿಸ್ಕ್‌ಗಳು ಶುರುವಿನಲ್ಲಿ ಜಾಸ್ತಿ ಕೊಟ್ಟು ಆಮೇಲೆ ಇಳಿಸುತ್ತವೆ. ಉದಾಹರಣೆಗೆ ಅಮೆಜಾನ್ ಕ್ಲೌಡ್ ಎಡಬ್ಲ್ಯೂಎಸ್‌ನ ಹಳೆಯ ಜಿಪಿ2 ಡಿಸ್ಕ್‌ನಲ್ಲಿ ಒಂದು ಜಿಬಿಗೆ ಸೆಕೆಂಡಿಗೆ 3 ಓದು-ಬರಹ. 100 ಜಿಬಿ ಡಿಸ್ಕ್‌ಗೆ 300. ಆದರೆ ಉಳಿತಾಯ ಇರುವವರೆಗೆ 3,000 ಕೊಡುತ್ತೆ. ಒಂದೇ ಸಮನೆ ಎಳೆದರೆ ಸುಮಾರು ಅರ್ಧ ಗಂಟೆಯಲ್ಲಿ ಆ ಉಳಿತಾಯ ಖಾಲಿ. ಅಂಥ ಡಿಸ್ಕ್ ನಿಮ್ಮದಾಗಿದ್ದರೆ ಐದು ನಿಮಿಷದ ಅಳತೆ ಮೋಸ ಮಾಡುತ್ತೆ, ಒಂದು ಗಂಟೆ ಬಿಡಬೇಕು. ಅದರ ನಂತರದ ಜಿಪಿ3ಯಲ್ಲಿ ಈ ಏರಿಳಿತ ಇಲ್ಲ. ಮೂಲ ಮಟ್ಟ 3,000 ಮತ್ತು ಸೆಕೆಂಡಿಗೆ 125 ಎಂಬಿ, ಡಿಸ್ಕ್ ಚಿಕ್ಕದಿದ್ದರೂ.

ಈ ಎರಡು ಮಿತಿಗಳಲ್ಲಿ ಯಾವುದು ಮೊದಲು ತಗಲುತ್ತೆ ಅಂತಲೂ ನೋಡಿ. 8 ಕೆಬಿ ಓದಿನಲ್ಲಿ 125 ಎಂಬಿ ಮುಟ್ಟಲು 16,000 ಓದು ಬೇಕು. ಹಾಗಾಗಿ ಚೆಲ್ಲಾಪಿಲ್ಲಿ ಓದಿಗೆ 3,000ವೇ ಗೋಡೆ. ಇಡೀ ಟೇಬಲ್ ಸಾಲಾಗಿ ಓದುವಾಗ ಎಂಬಿ ಮಿತಿ ಗೋಡೆ.

ಆಮೇಲೆ ಡೇಟಾಬೇಸ್ ಮೇಲೇ ಪರೀಕ್ಷೆ. ಅಲ್ಲಿ ಒಂದು ಎಚ್ಚರ: ಒಂದೇ ರಿಪೋರ್ಟನ್ನು ಎರಡನೇ ಸಲ ಓಡಿಸಿದರೆ ಎಲ್ಲ ಮೆಮೊರಿಯಿಂದ ಬರುತ್ತೆ. 4 ಇಟ್ಟರೆ ಅದ್ಭುತ, 16 ಇಟ್ಟರೆ ಇನ್ನೂ ಅದ್ಭುತ ಅಂತ ಅನಿಸುತ್ತೆ. ಅದು ಕ್ಯಾಶ್‌ನ ಮಹಿಮೆ. ಪ್ರತಿ ಸಲ ಬೇರೆ ವಿಭಾಗ, ಬೇರೆ ಸೀಸನ್ ಆರಿಸಿಕೊಳ್ಳಿ. ಪರೀಕ್ಷೆಯ ಸರ್ವರ್ ಆದರೆ ಪೋಸ್ಟ್‌ಗ್ರೆಸ್ ನಿಲ್ಲಿಸಿ, ಲಿನಕ್ಸ್ ಕ್ಯಾಶ್ ಖಾಲಿ ಮಾಡಿ ಮತ್ತೆ ಶುರು ಮಾಡಿ. ಓಡುತ್ತಿರುವಾಗ ಪಕ್ಕದಲ್ಲಿ ಡಿಸ್ಕ್‌ನ ಅಂಕಿ ತೋರಿಸುವ ಐಓಸ್ಟಾಟ್ ತೆರೆದಿಡಿ. ಸೆಕೆಂಡಿಗೆ ಓದು, ಆರ್_ಅವೇಟ್ (ಒಂದು ಓದಿಗೆ ಹಿಡಿದ ಸಮಯ), ಸಾಲಿನ ಉದ್ದ ಈ ಮೂರು ಸಾಕು. ಯುಟಿಲ್ (ಡಿಸ್ಕ್ ಬಿಡುವಿಲ್ಲದ ಸಮಯದ ಪಾಲು) 100 ಪರ್ಸೆಂಟ್ ಅಂತ ತೋರಿಸಿದರೆ ಹೆದರಬೇಡಿ. ಎಸ್‌ಎಸ್‌ಡಿಯಲ್ಲಿ ಆ ಅಂಕಿಯಿಂದ ಏನೂ ಗೊತ್ತಾಗುವುದಿಲ್ಲ.

ಕಬ್ಬಿನಲೆಕ್ಕ, ಮಂಡ್ಯ

ಎರಡು ದಿನ ಕೂತು ಮಾಡಿದೆ ಸರ್. ಎಫ್‌ಐಓದಲ್ಲಿ ಒಂದು ಓದಿಗೆ 1 ಮಿಲಿಸೆಕೆಂಡ್‌ಗಿಂತ ಸ್ವಲ್ಪ ಕಡಿಮೆಯೇ ಬಂತು. ಡೆಪ್ತ್ 4ರಲ್ಲೇ 3,000 ಮುಟ್ಟಿತು. 8ಕ್ಕೆ ಹೋದರೆ ಓದು ಹಾಗೇ ಇದೆ, ಸಮಯ ಮಾತ್ರ ದುಪ್ಪಟ್ಟು.

ರಿಪೋರ್ಟ್ ಒಂದೇ ಓಡಿಸಿ, ಪಕ್ಕದಲ್ಲಿ ತೂಕದ ಎಂಟ್ರಿ ಮಾಡುತ್ತಾ ನೋಡಿದೆ. 1 ಇಟ್ಟಾಗ ರಿಪೋರ್ಟ್ ಸುಮಾರು 45 ಸೆಕೆಂಡ್, 4 ಇಟ್ಟಾಗ 22. ಈ ಎರಡರಲ್ಲೂ ಎಂಟ್ರಿ ಒತ್ತಿದ ತಕ್ಷಣ ಆಗುತ್ತೆ. 16ರಲ್ಲಿ ರಿಪೋರ್ಟ್ 20, ಎಂಟ್ರಿ ಚೂರೇ ಚೂರು ತಡ. 64ರಲ್ಲಿ ರಿಪೋರ್ಟ್ ಅದೇ 20, ಎಂಟ್ರಿಗೆ ಅರ್ಧ ಸೆಕೆಂಡ್ ಮೇಲೆ. 200ರಲ್ಲೂ 20, ಎಂಟ್ರಿಗೆ ಎರಡು ಸೆಕೆಂಡ್ ದಾಟಿತು. 4ರಿಂದ 200ಕ್ಕೆ ಹೋಗಿ ರಿಪೋರ್ಟ್‌ನಲ್ಲಿ ಗಳಿಸಿದ್ದು ಎರಡು ಸೆಕೆಂಡ್.

ಕುವೆಂಪುನಗರ

ಈ ಅಂಕಿಗಳನ್ನು ಹಂಚಿಕೊಂಡಿದ್ದಕ್ಕೆ ಧನ್ಯವಾದ. ಇದನ್ನು ಸರ್ವರ್ ಪೂರ್ತಿಗೆ ಇಡಬೇಕಿಲ್ಲ ಅನ್ನುವುದೂ ತಿಳಿದಿರಲಿ. ರಿಪೋರ್ಟ್ ಲಾಗಿನ್ ಬೇರೆ ಇದ್ದರೆ ಆಲ್ಟರ್ ರೋಲ್ ಮಾಡಿ ಅದಕ್ಕೆ ಮಾತ್ರ ಬೇರೆ ಅಂಕಿ ಕೊಡಬಹುದು. ಹಳೇ ಸೀಸನ್‌ಗಳ ಡೇಟಾ ಬೇರೆ ಡಿಸ್ಕ್‌ನಲ್ಲಿದ್ದರೆ ಆ ಟೇಬಲ್‌ಸ್ಪೇಸ್‌ಗೂ ಬೇರೆ ಅಂಕಿ ಕೊಡಬಹುದು. ಸರ್ವರ್ ಮತ್ತೆ ಶುರು ಮಾಡುವ ಅಗತ್ಯ ಇಲ್ಲ.

ಸರಸ್ವತೀಪುರಂ

ನನ್ನ ಮನಸ್ಸಿನಲ್ಲಿ ಬೇರೆ ಪ್ರಶ್ನೆ ಇದೆ. ಒಂದು ವಿಭಾಗದ ರಿಪೋರ್ಟ್‌ಗೆ 60,000 ಪುಟ ಯಾಕೆ? ಅದು ಸುಮಾರು 470 ಎಂಬಿ. ತೂಕದ ದಾಖಲೆ ಬಂದ ದಿನದ ಕ್ರಮದಲ್ಲಿ ಟೇಬಲ್‌ನಲ್ಲಿ ಕೂತಿರುತ್ತೆ. ಒಂದೇ ದಿನ ಎಲ್ಲ ವಿಭಾಗದ ಗಾಡಿಗಳೂ ಬಂದಿರುತ್ತವೆ. ಹಾಗಾಗಿ ನಿಮ್ಮ ವಿಭಾಗದ ಒಂದೆರಡು ಸಾಲಿಗೋಸ್ಕರ ಇಡೀ ಪುಟ ತರಬೇಕು. ರಿಪೋರ್ಟ್‌ಗೆ ಬೇಕಾದ ಕಾಲಂ ಎಷ್ಟು? ರೈತನ ನಂಬರು, ದಿನಾಂಕ, ನಿವ್ವಳ ತೂಕ ಅಷ್ಟೇ ಇದ್ದರೆ, ವಿಭಾಗ ಮತ್ತು ದಿನಾಂಕದ ಮೇಲೆ ಇಂಡೆಕ್ಸ್ ಮಾಡಿ, ಉಳಿದೆರಡನ್ನು ಇನ್‌ಕ್ಲೂಡ್‌ನಲ್ಲಿ (ಇಂಡೆಕ್ಸ್ ಜೊತೆಗೇ ಇಡುವ ಕಾಲಂಗಳು) ಸೇರಿಸಿ. ಆವೃತ್ತಿ 11ರಿಂದ ಇದು ಇದೆ. ವ್ಯಾಕ್ಯೂಮ್ (ಟೇಬಲ್ ಶುಚಿ ಮಾಡುವ ಕೆಲಸ) ಸರಿಯಾಗಿ ಆಗುತ್ತಿದ್ದರೆ ಇಂಡೆಕ್ಸ್ ಓನ್ಲಿ ಸ್ಕ್ಯಾನ್ ಬರುತ್ತೆ, ಟೇಬಲ್ ಕಡೆ ಹೋಗುವುದೇ ಬೇಡ. ಎಷ್ಟು ಓದನ್ನು ಒಟ್ಟಿಗೆ ಕಳಿಸಬೇಕು ಅಂತ ತಲೆ ಕೆಡಿಸಿಕೊಳ್ಳುವ ಮುಂಚೆ ಓದನ್ನೇ ಕಡಿಮೆ ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹೂಟಗಳ್ಳಿ ಡಿಬಿಎ

ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಅಂಕಿಯ ಹಿಂದೆ ಬಿದ್ದು ಅದನ್ನು ಬಿಟ್ಟಿದ್ದೆ. ಎರಡೂ ಮಾಡಿ. ಇಂಡೆಕ್ಸ್ ಈ ಒಂದು ರಿಪೋರ್ಟ್‌ಗೆ, 4 ನಾಳೆ ಯಾರೋ ಬರೆಯುವ ಇನ್ನೊಂದು ರಿಪೋರ್ಟ್‌ನಿಂದ ತೂಕದವರನ್ನು ಕಾಪಾಡಲಿಕ್ಕೆ.

ಮದ್ದೂರು ಹುಡುಗ

ಅಣ್ಣ, ಪೋಸ್ಟ್‌ಗ್ರೆಸ್ 18ರಲ್ಲಿ ಇದೆಲ್ಲ ತಾನಾಗೇ ಸರಿ ಹೋಗುತ್ತಂತೆ, ಹೌದಾ? ಡಿಫಾಲ್ಟೇ 16 ಅಂತೆ.

ಹೂಟಗಳ್ಳಿ ಡಿಬಿಎ

ದೊಡ್ಡ ಬದಲಾವಣೆ ಆಗಿದೆ, ಆದರೆ ತಾನಾಗೇ ಎಲ್ಲ ಸರಿ ಹೋಗುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಂದ 18ರಲ್ಲಿ ಮೊದಲ ಸಲ ಪೋಸ್ಟ್‌ಗ್ರೆಸ್‌ಗೆ ತನ್ನದೇ ಅಸಿಂಕ್ರನಸ್ ಓದು (ಒಂದು ಓದು ಮುಗಿಯಲು ಕಾಯದೆ ಮುಂದಿನದನ್ನು ಕೇಳುವುದು) ಸಿಕ್ಕಿದೆ. ಮೊದಲು ಲಿನಕ್ಸ್‌ಗೆ ಸುಳಿವು ಕೊಟ್ಟು, ಅದರ ಕ್ಯಾಶ್‌ಗೆ ತರಿಸಿ, ಆಮೇಲೆ ತಾನು ಓದಿಕೊಳ್ಳುತ್ತಿತ್ತು. ಈಗ ನೇರವಾಗಿ ತನ್ನ ಸ್ವಂತ ಮೆಮೊರಿಯಾದ ಶೇರ್ಡ್ ಬಫರ್‌ಗೇ ತರಿಸಿಕೊಳ್ಳುತ್ತೆ. ಬಿಟ್‌ಮ್ಯಾಪ್ ಹೀಪ್ ಸ್ಕ್ಯಾನ್ ಜೊತೆ ಸೀಕ್ವೆನ್ಷಿಯಲ್ ಸ್ಕ್ಯಾನ್ (ಇಡೀ ಟೇಬಲ್ ಸಾಲಾಗಿ ಓದುವುದು), ವ್ಯಾಕ್ಯೂಮ್ ಕೂಡ ಇದನ್ನು ಬಳಸುತ್ತವೆ. ಸಾಮಾನ್ಯ ಇಂಡೆಕ್ಸ್ ಸ್ಕ್ಯಾನ್‌ಗೆ 18ರಲ್ಲೂ ಇದು ಇಲ್ಲ, ಶ್ರೀರಂಗಪಟ್ಟಣದವರು ಗಮನಿಸಿ. ಬರಹಕ್ಕೂ ಇಲ್ಲ.

ಡಿಫಾಲ್ಟ್ 16 ಅನ್ನುವುದು ನಿಜ. ಮೊದಲು 1 ಇತ್ತು. ಆದರೆ ಐಓ_ಮೆಥಡ್ (ಓದುವ ವಿಧಾನದ ಸೆಟ್ಟಿಂಗ್) ಡಿಫಾಲ್ಟ್ ವರ್ಕರ್, ಮತ್ತು ಐಓ_ವರ್ಕರ್ಸ್ ಬರೀ 3. ಓದುವ ಕೆಲಸ ಮಾಡುವುದು ಆ ಮೂವರೇ. ನೀವು 16 ಬೇಡಿಕೆ ಇಟ್ಟರೂ ಆ ಮೂವರು ಒಂದು ಸಲಕ್ಕೆ ಮೂರನ್ನೇ ಓದುತ್ತಾರೆ, ಅದೂ ಇಡೀ ಸರ್ವರ್‌ನ ಎಲ್ಲರಿಗೂ ಸೇರಿ. ಮಂಡ್ಯದ ಸರ್ ಅವರ ಡಿಸ್ಕ್‌ಗೆ ಅದು ಹೆಚ್ಚುಕಮ್ಮಿ ಸಾಕು. ಒಳ್ಳೆಯ ಎನ್‌ವಿಎಂಇ ಇರುವವರು ಅದನ್ನು ಏರಿಸದೆ ಬರೀ ಕಾನ್‌ಕರೆನ್ಸಿ ಏರಿಸಿದರೆ ಪ್ರಯೋಜನ ಇಲ್ಲ. ವರ್ಕರ್ ಸಂಖ್ಯೆಯನ್ನು ರೀಲೋಡ್ ಮಾಡಿ ಬದಲಾಯಿಸಬಹುದು, 32ರವರೆಗೆ. ಐಓ_ಯೂರಿಂಗ್ ಅನ್ನುವ ಇನ್ನೊಂದು ವಿಧಾನಕ್ಕೆ ಹೋಗಬೇಕಾದರೆ ಲಿನಕ್ಸ್ ಬೇಕು, ಪೋಸ್ಟ್‌ಗ್ರೆಸ್ ಅದನ್ನು ಸೇರಿಸಿ ಕಟ್ಟಿರಬೇಕು, ಸರ್ವರ್ ಮತ್ತೆ ಶುರು ಮಾಡಬೇಕು. ಅಲ್ಲಿ ವರ್ಕರ್ ಇಲ್ಲ, ಹಾಗಾಗಿ ನೀವು ದೊಡ್ಡ ಅಂಕಿ ಕೊಟ್ಟರೆ ಬಹಳಷ್ಟು ಬೇಡಿಕೆ ನಿಜವಾಗಿಯೂ ಒಟ್ಟಿಗೆ ಡಿಸ್ಕ್ ಮುಂದೆ ನಿಲ್ಲಬಹುದು. ಇಂಥ ಕ್ಲೌಡ್ ಡಿಸ್ಕ್ ಇರುವವರು ಅಲ್ಲಿ ಜಾಸ್ತಿ ಹುಷಾರಾಗಿರಬೇಕು.

ಕಬ್ಬಿನಲೆಕ್ಕ, ಮಂಡ್ಯ

ಇವತ್ತಿನ ಸ್ಥಿತಿ ಬರೆಯುತ್ತಿದ್ದೇನೆ. ಸರ್ವರ್‌ಗೆ 4 ಇಟ್ಟಿದ್ದೇನೆ. ರಿಪೋರ್ಟ್ ಲಾಗಿನ್ ಬೇರೆ ಮಾಡಿ ಅದಕ್ಕೆ 2 ಕೊಟ್ಟೆ, ಒಂಬತ್ತು ಗಂಟೆಗೆ ಮೂವರೂ ಒಟ್ಟಿಗೆ ಬರುತ್ತಾರಲ್ಲ. ಮೇಡಂ ಹೇಳಿದ ಇಂಡೆಕ್ಸ್ ನಿನ್ನೆ ರಾತ್ರಿ ಮಿಲ್ಲು ಸ್ವಲ್ಪ ಹೊತ್ತು ನಿಂತಿದ್ದಾಗ ಕನ್‌ಕರೆಂಟ್ಲಿ (ಎಂಟ್ರಿಗಳನ್ನು ತಡೆಯದೆ) ಕಟ್ಟಿದೆ, ಆಮೇಲೆ ವ್ಯಾಕ್ಯೂಮ್ ಓಡಿಸಿದೆ. ರಿಪೋರ್ಟ್ ಈಗ ಎರಡು ಸೆಕೆಂಡ್ ಒಳಗೆ ಬರುತ್ತಿದೆ. ಬೆಳಿಗ್ಗೆ ಒಂಬತ್ತಕ್ಕೆ ನಾನೇ ವೇಬ್ರಿಡ್ಜ್ ಕೋಣೆಯಲ್ಲಿ ನಿಂತಿದ್ದೆ. ಒಂದು ಗಾಡಿಯೂ ಪರದೆಗೋಸ್ಕರ ಕಾಯಲಿಲ್ಲ.

ಒಂದೇ ಒಂದು ಅನುಮಾನ ಉಳಿದಿದೆ. ಈ ಭಾನುವಾರ ಬಿಲ್ಲಿನ ದೊಡ್ಡ ಲೆಕ್ಕ ಓಡುತ್ತೆ, ಅದರಲ್ಲಿ ಮೂರು ಬಿಟ್‌ಮ್ಯಾಪ್ ಸ್ಕ್ಯಾನ್ ಇವೆ. ಆ ಹೊತ್ತಿಗೆ ವೇಬ್ರಿಡ್ಜ್‌ನಲ್ಲಿ ಯಾರೂ ಇರುವುದಿಲ್ಲ. ಆ ಕೆಲಸಕ್ಕೆ ಮಾತ್ರ 16ಕ್ಕೆ ಏರಿಸಲಾ?

ಹೂಟಗಳ್ಳಿ ಡಿಬಿಎ

ಏರಿಸಬಹುದು, ಯಾರಿಗೂ ತೊಂದರೆ ಇಲ್ಲ. ಆ ಸೆಷನ್‌ನಲ್ಲೇ ಸೆಟ್ ಮಾಡಿ, ಮುಗಿದ ಮೇಲೆ ತಾನಾಗೇ ಹೋಗುತ್ತೆ. ಆದರೆ ನಿಮ್ಮ ಅಳತೆಯ ಪ್ರಕಾರ 4ರಲ್ಲೇ ಡಿಸ್ಕ್ ಹೆಚ್ಚುಕಮ್ಮಿ ತುಂಬಿದೆ, 16ರಿಂದ ಹತ್ತು ಪರ್ಸೆಂಟ್ ಸಿಕ್ಕರೆ ಹೆಚ್ಚು. ಭಾನುವಾರ ಅದು ನಿಜವಾಗಿಯೂ ತಡ ಆಗುತ್ತಿದೆ ಅನಿಸಿದರೆ, ಆ ಒಂದು ದಿನಕ್ಕೆ ಡಿಸ್ಕ್‌ನ ಮಿತಿಯನ್ನು 6,000ಕ್ಕೆ ಏರಿಸಲು ಎಷ್ಟು ಖರ್ಚಾಗುತ್ತೆ ಅಂತ ಮೊದಲು ವಿಚಾರಿಸಿ. ಮಿತಿ ಏರಿಸಿದರೆ ಆಗ 8 ಇಡಿ.